ಬಾಗಿಲಲ್ಲಿ ನಿಂತು ಊಟಕ್ಕೆ ಕರೆದವನು

ಅವನನ್ನು ಎಲ್ಲರೂ ಕಂಚು ಎಂದೇ ಕರೆಯುತ್ತಿದ್ದರು. ಕಂಚಿನ ಕಂಠ ಎಂದು ಯಾರೋ ಮೊದಲಿಗೆ ಹೊಗಳಿದ್ದು, ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಕಂಠ ಉದುರಿ ಕಂಚು ಮಾತ್ರ ಉಳಿದಿತ್ತು. ಕಡಲ ದಂಡೆಯುದ್ದಕ್ಕೂ ಹೋಟೆಲುಗಳೇ ಸಾಲುಗಟ್ಟಿ ನಿಂತಿದ್ದ ಆ ನಗರದಲ್ಲಿ ಅವನಿಗಿದ್ದದ್ದು ಒಂದೇ ಕೆಲಸ. ಸಾಲಿನಲ್ಲೇ ದೊಡ್ಡದಾದ ಹೋಟೆಲಿನ ಬಾಗಿಲಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯುವುದು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಟೈ, ಕೈಯಲ್ಲಿ ದಪ್ಪ ರಟ್ಟಿನ ಮೆನು. ಪಕ್ಕದಲ್ಲಿ ಮಂಜುಗಡ್ಡೆ ತುಂಬಿದ ತಟ್ಟೆ. ಅದರ ಮೇಲೆ ಆ ದಿನದ ಮೀನು, ಏಡಿ, ಸಿಗಡಿಗಳನ್ನು ಮದುವೆ ಫೋಟೋಕ್ಕೆ ಕೂರಿಸಿದ ಹಾಗೆ ಜೋಡಿಸಿರುತ್ತಿದ್ದರು. ಮೀನಿನ ಕಣ್ಣು ಮಂಕಾಗದಂತೆ ಆಗಾಗ ನೀರು ಚಿಮುಕಿಸುವುದೂ ಅವನದೇ ಪಾಲಿಗೆ ಬಂದಿತ್ತು. ಎದುರಿನ ರಸ್ತೆಯಲ್ಲಿ ದುಬಾರಿ ಕಾರುಗಳು ಆಮೆಯ ಹಾಗೆ ತೆವಳುತ್ತಿದ್ದವು. ಕಾರಿಗಿಂತ ದೊಡ್ಡ ಕಪ್ಪು ಕನ್ನಡಕ ಹಾಕಿದವರು ಅದರೊಳಗಿಂದ ಇಳಿಯುತ್ತಾರೆ ಎಂದು ಬಡಿಸುವವರು ತಮಾಷೆ ಮಾಡುತ್ತಿದ್ದರು.

ಸಾಲಿನಲ್ಲಿ ಕರೆಯುವವರು ಬೇಕಾದಷ್ಟು ಜನ ಇದ್ದರು. ಕೆಲವರು ಕೈ ಹಿಡಿದು ಎಳೆಯುತ್ತಿದ್ದರು, ಕೆಲವರು ಅರ್ಧ ಮೈಲಿ ಹಿಂದೆ ಬೀಳುತ್ತಿದ್ದರು. ಕಂಚು ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೇ ಮಾತು. ಅಳುವ ಮಗುವನ್ನು ಎತ್ತಿಕೊಂಡು ಬೆವರುತ್ತಿದ್ದ ತಾಯಿಗೆ, "ಊಟದ ಮಾತು ಆಮೇಲೆ, ಮೊದಲು ಫ್ಯಾನಿನ ಕೆಳಗೆ ಬಂದು ಕೂತ್ಕೊಳ್ಳಿ," ಎನ್ನುತ್ತಿದ್ದ. ಹೊಸ ಜೋಡಿ ಕಂಡರೆ, "ಮೂಲೆಯ ಟೇಬಲ್ ಖಾಲಿ ಇದೆ. ಕರೆಯೋವರೆಗೂ ನಾವ್ಯಾರೂ ಆ ಕಡೆ ತಲೆ ಹಾಕಲ್ಲ." ಮುಖ ಊದಿಸಿಕೊಂಡು ಒಬ್ಬರಿಂದೊಬ್ಬರು ಹತ್ತು ಮಾರು ದೂರದಲ್ಲಿ ನಡೆಯುತ್ತಿದ್ದ ಗಂಡ ಹೆಂಡಿರಿಗೆ, "ಬೇರೆ ಬೇರೆ ಟೇಬಲ್ ಕೂಡ ಕೊಡ್ತೀವಿ, ಸಾರ್." ಅವರು ನಕ್ಕುಬಿಟ್ಟರೆ ಮುಗಿಯಿತು, ಒಳಗೆ ಬಂದ ಹಾಗೆಯೇ.

ಆದರೆ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಕಂಚು ತಾನು ಊಟ ಮಾಡುತ್ತಿದ್ದದ್ದು ಆ ಹೋಟೆಲಿನಲ್ಲಲ್ಲ. ಹಿಂಬಾಗಿಲಿನಿಂದ ಹೊರಬಿದ್ದು, ಟೈ ಬಿಚ್ಚಿ ಜೇಬಿಗೆ ತುರುಕಿ, ಕಸದ ಡಬ್ಬಿಗಳ ಓಣಿ ದಾಟಿ ಹಿಂದಿನ ಗಲ್ಲಿಗೆ ಹೋಗುತ್ತಿದ್ದ. ಅಲ್ಲಿತ್ತು ಅವನ ಅಕ್ಕನ ಊಟದ ಮನೆ.

ಅಕ್ಕ ಅವನಿಗೆ ತಾಯಿಯ ಸಮಾನ ಎಂದರೆ ಅದು ಬಾಯಿಮಾತಲ್ಲ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಅಕ್ಕ, ಕೈ ಸುಟ್ಟುಕೊಂಡು ಬಂದು ಅದೇ ಕೈಯಲ್ಲಿ ಅವನಿಗೆ ಅನ್ನ ಬೇಯಿಸಿ ಹಾಕಿದವಳು. ಮುಂದೆ ಲಿಫ್ಟ್ ರಿಪೇರಿ ಮಾಡುವವನೊಬ್ಬನನ್ನು ಮದುವೆಯಾದಳು, ಮಗಳು ಹುಟ್ಟಿದಳು, ಮಗಳನ್ನು ದೂರದ ಊರಿಗೆ ಕೊಟ್ಟಳು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ. ಸೈಕಲ್ ರಿಪೇರಿಯ ಹಳೇ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು, ಉಜ್ಜಿ ತೊಳೆದು, ಒಲೆ ಹೂಡಿದಳು. ಎಷ್ಟು ಉಜ್ಜಿದರೂ ನೆಲದ ಎಣ್ಣೆ ಕಲೆ ಮಾತ್ರ ಹೋಗಲಿಲ್ಲ. ಯಾರಾದರೂ ಬಗ್ಗಿ ನೋಡಿದರೆ, "ಅದು ಡಿಸೈನು," ಎನ್ನುತ್ತಿದ್ದಳು.

ಬೋರ್ಡು ಇರಲಿಲ್ಲ. ನಾಲ್ಕು ಟೇಬಲ್, ಒಂದಕ್ಕೊಂದು ಹೊಂದದ ಕುರ್ಚಿಗಳು. ಬೆಳಿಗ್ಗೆ ದೋಣಿಯವರು ಯಾವ ಮೀನು ಕೊಟ್ಟರೋ ಅದೇ ಆ ದಿನದ ಅಡುಗೆ. ಮೀನಿನ ತಲೆ ಮುಳ್ಳುಗಳನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ತಿಳಿಸಾರು, ಬಿಸಿ ಅನ್ನ, ಕೆಂಪಗೆ ಹುರಿದ ಈರುಳ್ಳಿ. ಕಂಚು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಆ ತಲೆ ಮುಳ್ಳುಗಳನ್ನು ಕಸಕ್ಕೆ ಎಸೆಯುತ್ತಿದ್ದರು. ಅಕ್ಕನ ಸಾರು ನಾಲಿಗೆಗೆ ತಾಗಿದ ಕೂಡಲೇ ಬೆಳಗಿನಿಂದ ನಿಂತು ಮರಗಟ್ಟಿದ ಕಾಲಿಗೂ ಜೀವ ಬಂದ ಹಾಗಾಗುತ್ತಿತ್ತು.

ಲಾಡ್ಜುಗಳ ರೂಮು ಗುಡಿಸುವ ಹೆಂಗಸರು, ಟ್ಯಾಕ್ಸಿಯವರು, ಮರಳಿನ ಮೇಲೆ ಕೊಡೆ ಬಾಡಿಗೆಗೆ ಕೊಡುವವನು, ಇಂಥವರೇ ಅಕ್ಕನ ಗಿರಾಕಿಗಳು. ಕೆಲವು ವರ್ಷ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ದೊಡ್ಡ ಲಾಡ್ಜುಗಳು ಒಂದೊಂದಾಗಿ ತಮ್ಮ ಕೆಲಸದವರಿಗೆ ಒಳಗೇ ಕ್ಯಾಂಟೀನು ತೆರೆದವು. ರೂಮು ಗುಡಿಸುವವರು ಬರುವುದು ನಿಂತಿತು. ಕುರ್ಚಿಗಳು ಖಾಲಿ ಬಿದ್ದವು.

ಒಂದು ಮಧ್ಯಾಹ್ನ ಕಂಚು ಉಣ್ಣುತ್ತಿದ್ದಾಗ ಅಕ್ಕ ಎದುರಿಗೆ ಬಂದು ಕೂತಳು. ಅವಳು ಕೂರುವುದೇ ಅಪರೂಪ.

"ಲೋ, ದಿನಾ ಅಷ್ಟು ಜನರನ್ನ ಕರೀತೀಯಲ್ಲ," ಎಂದಳು.

"ಹೂಂ."

"ಅವರಲ್ಲಿ ಒಂದಿಷ್ಟು ಜನಕ್ಕೆ ಆ ಜಾಗ ಇಷ್ಟ ಆಗಲ್ಲ, ಹೊರಟು ಹೋಗ್ತಾರೆ, ಅಲ್ವಾ?"

"ಹೋಗ್ತಾರೆ."

"ಹಂಗೆ ಹೋಗೋರಲ್ಲಿ ಒಬ್ಬರನ್ನೋ ಇಬ್ಬರನ್ನೋ ಈ ಕಡೆ ಕಳಿಸೋಕಾಗುತ್ತಾ ನೋಡು. ನಿಮ್ಮ ಹೋಟೆಲಿಂದು ಕಿತ್ಕೊಂಡು ಕೊಡು ಅಂತಿಲ್ಲ. ಹೆಂಗೂ ನಿಮಗೆ ಬೇಡವಾದೋರು."

ಕಂಚು ಅನ್ನ ಕಲೆಸುತ್ತಾ, "ನೋಡೋಣ," ಎಂದ.

ಅಕ್ಕ ಆಮೇಲೆ ಇನ್ನೊಂದು ಸಲ ಆ ಮಾತೆತ್ತಲಿಲ್ಲ. ಕೇಳಿದ್ದು ಅದೊಂದೇ ಸಲ.

ನೋಡೋಣ ಎಂದವನಿಗೆ ನೋಡುವ ಧೈರ್ಯ ಬರಲಿಲ್ಲ. ಹೋಟೆಲಿನ ಯಜಮಾನರ ಕಿವಿ ಬಹಳ ಚುರುಕು. ತನ್ನ ಭಾವನ ಐಸ್‌ಕ್ರೀಂ ಅಂಗಡಿಗೆ ಜನ ಕಳಿಸುತ್ತಿದ್ದ ಬಡಿಸುವವನೊಬ್ಬನನ್ನು ಅವರು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ಯಜಮಾನರು ಕಂಚುವಿನ ಮೂಗಿಗೆ ಒಂದಿಷ್ಟು ತುಪ್ಪ ಸವರಿದ್ದರು. ಒಳಗಿನ ಹಾಲ್ ನೋಡಿಕೊಳ್ಳುವ ಹಿರಿಯರು ಇನ್ನೇನು ಕೆಲಸ ಬಿಡುತ್ತಾರೆ, ಆ ಜಾಗಕ್ಕೆ ನೀನೇ, ಎಂದು. ಒಳಗೆ ಹೋದರೆ ಬಿಸಿಲಿಲ್ಲ, ಕೂಗಾಟವಿಲ್ಲ, ನಡುನಡುವೆ ಕೂರಬಹುದು. ಅವನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ರಾತ್ರಿ ಹೆಂಡತಿ ಎಣ್ಣೆ ಹಚ್ಚಿ ತಿಕ್ಕಿದರೆ ಮಾತ್ರ ನಿದ್ದೆ. ಇಂಥ ಹೊತ್ತಿನಲ್ಲಿ ಹಾಳು ಮಾಡಿಕೊಳ್ಳುವುದು ಬೇಡ, ಒಳಗೆ ಸೇರಿಕೊಂಡ ಮೇಲೆ ಅಕ್ಕನಿಗೆ ಬೇಕಾದಷ್ಟು ಜನ ಕಳಿಸಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾಗೆ ಹೇಳಿಕೊಳ್ಳುತ್ತಾ ಒಂದು ಸೀಸನ್ ಕಳೆಯಿತು.

ಮುಂದಿನ ಸೀಸನ್ನಿನ ಮೊದಲಲ್ಲಿ, ಒಂದು ಮಧ್ಯಾಹ್ನ, ಬಟ್ಟೆಯ ಟೋಪಿ ಹಾಕಿದ ಮಧ್ಯವಯಸ್ಸಿನ ಹೆಂಗಸೊಬ್ಬಳು ಒಬ್ಬಳೇ ಬಂದು ಅವನೆದುರು ನಿಂತಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳೇ ಮಾತಾಡಿದಳು.

"ಮೂರು ದಿನದಿಂದ ಈ ಸಾಲಿನಲ್ಲೇ ಊಟ ಮಾಡ್ತಿದ್ದೀನಿ. ಎಲ್ಲಿ ಹೋದರೂ ಒಂದೇ ತಟ್ಟೆ, ಒಂದೇ ರುಚಿ. ಬೇಜಾರು ಮಾಡ್ಕೋಬೇಡಿ. ಈ ಊರಿನವರು ಊಟ ಮಾಡೋ ಜಾಗ ಎಲ್ಲಿದೆ ಹೇಳ್ತೀರಾ? ಯಾವುದಾದರೂ ಗಲ್ಲಿಯಲ್ಲಿದ್ದರೂ ಪರವಾಗಿಲ್ಲ, ಹುಡುಕಿಕೊಂಡು ಹೋಗ್ತೀನಿ."

ಕಂಚು ಮುಗುಳ್ನಕ್ಕ. ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದಳು.

"ಹೋಗಲಿ, ನೀವು ಎಲ್ಲಿ ಊಟ ಮಾಡ್ತೀರಿ? ಅದನ್ನ ಹೇಳಿ ಸಾಕು."

ಆಮೇಲೆ ವರ್ಷಗಟ್ಟಲೆ ಅವನು ಆ ಗಳಿಗೆಯನ್ನು ತಿರುವಿ ಹಾಕಿದ. ಯಜಮಾನರು ಅಲ್ಲಿದ್ದರು ಎಂದಾದರೂ ಹೇಳಿಕೊಳ್ಳುವ ಹಾಗಿದ್ದರೆ ಎದೆ ಇಷ್ಟು ಭಾರವಾಗುತ್ತಿರಲಿಲ್ಲ. ಅವರು ಇರಲಿಲ್ಲ. ಫೋನ್ ಬಂತೆಂದು ಮಹಡಿಗೆ ಹೋಗಿದ್ದರು. ಬಡಿಸುವವರೆಲ್ಲ ಅಡುಗೆಮನೆಯ ಕಡೆ ಇದ್ದರು. ಕೇಳಿಸಿಕೊಳ್ಳಲು ಇದ್ದದ್ದು ಮಂಜುಗಡ್ಡೆಯ ಮೇಲಿನ ಮೀನುಗಳು ಮಾತ್ರ. ಬೆರಳೆತ್ತಿ ಓಣಿಯ ಕಡೆ ತೋರಿಸಿದ್ದರೆ ಆಗುತ್ತಿತ್ತು. ಹಸಿದವಳೊಬ್ಬಳು ದಾರಿ ಕೇಳುತ್ತಿದ್ದಳು, ಅಷ್ಟೇ.

"ನಾನಾ?" ಎಂದ ಕಂಚು. ಇಷ್ಟು ವರ್ಷ ಬಾಗಿಲಲ್ಲಿ ಪಳಗಿದ ನಾಲಿಗೆ, ಅವನ ಅಪ್ಪಣೆ ಕೇಳದೆ ತಾನೇ ಹೊರಳಿತು. "ನಾನು ಊಟ ಮಾಡೋದು ಇಲ್ಲೇ, ಮೇಡಂ. ಈ ಊರಿನಲ್ಲಿ ಇದೊಂದು ಬಿಟ್ಟರೆ ಬೇರೆಲ್ಲೂ ನನಗೆ ಒಂದು ತುತ್ತು ಇಳಿಯಲ್ಲ."

ಹೆಂಗಸು ಅವನ ಮುಖವನ್ನೇ ನೋಡಿದಳು. ನಂಬಿದಳು. ಚಪ್ಪಲಿ ಹಾಕಿಕೊಂಡು ಒಳಗೆ ಹೋದಳು. ಉಂಡು ಹೊರಡುವಾಗ ಅವನದೊಂದು ಫೋಟೋ ತೆಗೆದುಕೊಳ್ಳಬಹುದೇ ಎಂದು ಕೇಳಿದಳು. ಎಷ್ಟೋ ಜನ ಹಾಗೆ ಕೇಳುತ್ತಾರೆ. ಕಂಚು ಟೈ ಸರಿಮಾಡಿಕೊಂಡು ನಿಂತ. ಅವಳು ಹೋದ ಸ್ವಲ್ಪ ಹೊತ್ತಿಗೆ ಅವನೂ ಹಿಂಬಾಗಿಲಿನಿಂದ ಹೊರಟು, ಓಣಿ ದಾಟಿ, ಅಕ್ಕನ ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಕೆಲವು ವಾರಗಳಾದ ಮೇಲೆ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈ ನಗರಕ್ಕೆ ಬಂದವರು ಎಲ್ಲಿ ಊಟ ಮಾಡಬೇಕು ಎಂಬ ಲೇಖನ ಬಂತು. ಬಟ್ಟೆ ಟೋಪಿಯ ಹೆಂಗಸು ಬರೆದದ್ದು. ಪುಟದ ತಲೆಯ ಮೇಲೆ ಕಂಚುವಿನ ಫೋಟೋ. ಕೆಳಗೆ ಅವನ ಮಾತು, ಒಂದಕ್ಷರ ಆಚೀಚೆ ಆಗದೆ. ಬೇರೆಲ್ಲೂ ನನಗೆ ಒಂದು ತುತ್ತು ಇಳಿಯಲ್ಲ ಎನ್ನುತ್ತಾರೆ, ಈ ಬಾಗಿಲಲ್ಲೇ ಆಯುಷ್ಯ ಕಳೆದ ಈ ಮನುಷ್ಯ. ಅದೇ ಪುಟದ ಕೊನೆಯಲ್ಲಿ, ಮೀನು ಮಾರುಕಟ್ಟೆಯ ಹಿಂದೆ ವಯಸ್ಸಾದ ದಂಪತಿ ನಡೆಸುವ ಒಂದು ಸಣ್ಣ ಸೂಪಿನ ಅಂಗಡಿಯ ಬಗ್ಗೆ ಕೆಲವು ಸಾಲುಗಳಿದ್ದವು. ಬೋರ್ಡು ಕೂಡ ಇಲ್ಲದ ಜಾಗ, ಟ್ಯಾಕ್ಸಿಯವನೊಬ್ಬ ಕರೆದುಕೊಂಡು ಹೋದ, ಎಂದು ಬರೆದಿದ್ದಳು.

ಆ ದಿನ ಬೆಳಿಗ್ಗೆ ಯಜಮಾನರು ಕಂಚುವಿನ ಬೆನ್ನು ತಟ್ಟಿದರು. ಪುಟಕ್ಕೆ ಗಾಜಿನ ಕಟ್ಟು ಹಾಕಿಸಲು ಆಗಲೇ ಯಾರನ್ನೋ ಓಡಿಸಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅವನ ಕಾಲು ಓಣಿಯ ಕಡೆ ಏಳಲಿಲ್ಲ. ಅಕ್ಕ ಪತ್ರಿಕೆ ಓದುವವಳಲ್ಲ, ಅವಳಿಗೆ ಗೊತ್ತಾಗುವುದು ಎಲ್ಲಿಂದ ಎಂದು ಧೈರ್ಯ ತಂದುಕೊಂಡು ಹೊರಟ.

ಕೊಡೆಯವನ ಟೇಬಲ್ಲಿನ ಮೇಲೆ ಪುರವಣಿ ಹರಡಿ ಬಿದ್ದಿತ್ತು, ಹಾರದ ಹಾಗೆ ಅದರ ಮೇಲೆ ಉಪ್ಪಿನ ಡಬ್ಬಿ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ ಮುಗಿಸಿದ್ದ ಕೊಡೆಯವನು ಕಂಚುವನ್ನು ಕಂಡದ್ದೇ ತಟ್ಟೆಯೊಳಗೆ ಮುಖ ಹುದುಗಿಸಿದ. ಟ್ಯಾಕ್ಸಿಯವರು ಕಿಟಕಿಯ ಕಡೆ ತಿರುಗಿದರು. ಅಕ್ಕ ಎಂದಿನ ಹಾಗೆ ತಟ್ಟೆ ತಂದಿಟ್ಟಳು. ಅನ್ನ ಬಡಿಸಿದಳು, ಸಾರು ಹಾಕಿದಳು, ಈರುಳ್ಳಿ ಸ್ವಲ್ಪ ಜಾಸ್ತಿಯೇ ಹಾಕಿದಳು.

"ಫೋಟೋ ಚೆನ್ನಾಗಿ ಬಂದಿದೆ," ಎಂದಳು. "ಕಾಲರು ನೆಟ್ಟಗೆ ಕೂತಿದೆ. ನಿನ್ನ ಹೆಂಡತಿ ಇಸ್ತ್ರಿ ಮಾಡೋದು ಕಲಿತಳು ಅನ್ನು."

ಅಷ್ಟೇ. ಒಲೆಯ ಕಡೆ ಹೋದಳು. ಕಂಚು ತಲೆ ತಗ್ಗಿಸಿ ಉಂಡ. ಆ ದಿನ ನಿಜವಾಗಿಯೂ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಆದರೂ ತಟ್ಟೆಯಲ್ಲಿ ಬಿಟ್ಟು ಏಳುವ ಧೈರ್ಯವೂ ಇರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಕಾಲು ತಿಕ್ಕುವುದನ್ನು ನಿಲ್ಲಿಸಿದಳು.

"ನಾಳೆನೇ ಹೋಗಿ ಅಕ್ಕನ ಹತ್ರ ಒಂದು ಮಾತು ಹೇಳಿ ಬನ್ನಿ."

"ಏನಂತ ಹೇಳಲಿ? ಹೊಟ್ಟೆಪಾಡು, ಬಾಯಿಗೆ ಬಂದಿದ್ದು ಹೇಳಿದೆ ಅಂತಾನಾ?"

"ಅದನ್ನೇ ಹೇಳಿ. ಅದೂ ಒಂದು ಮಾತೇ ತಾನೆ."

ಅವನು ಹೇಳಲಿಲ್ಲ. ನಾಳೆ ಎಂದ, ಆ ನಾಳೆ ನಾಡಿದ್ದಿಗೆ ಹೋಯಿತು. ದಿನವೂ ಅಕ್ಕನ ಟೇಬಲ್ಲಿಗೆ ಹೋಗಿ ಕೂರುತ್ತಿದ್ದ, ಉಪ್ಪು ಖಾರದ ಮಾತಾಡುತ್ತಿದ್ದ, ಕೈ ತೊಳೆದು ಎದ್ದು ಬರುತ್ತಿದ್ದ. ದಿನ ಕಳೆದಷ್ಟೂ ಆ ಮಾತು ಎತ್ತುವುದು ಕಷ್ಟವಾಗುತ್ತಾ ಹೋಯಿತು. ಇಷ್ಟು ದಿನ ಆದ ಮೇಲೆ ಯಾಕೆ ಹಳೇ ಗಾಯ ಕೆರೆಯಬೇಕು ಎನ್ನಿಸುವ ಮಟ್ಟಕ್ಕೆ ಬಂತು.

ಲೇಖನದಿಂದ ಯಜಮಾನರಿಗೆ ಜನವೋ ಜನ. ಪತ್ರಿಕೆಯ ಪುಟ ಹಿಡಿದುಕೊಂಡು ಬಂದು, "ಇವರೇ ಅಲ್ವಾ ಅವರು," ಎಂದು ಅವನನ್ನು ಬೆರಳು ಮಾಡಿ ತೋರಿಸುವವರು. ಹಾಲ್ ನೋಡಿಕೊಳ್ಳುವ ಹಿರಿಯರು ಕೆಲಸ ಬಿಟ್ಟಾಗ ಆ ಜಾಗಕ್ಕೆ ಯಜಮಾನರು ಬೇರೆ ಊರಿನಿಂದ ಯಾರನ್ನೋ ಕರೆಸಿದರು. ಕಂಚು ಅಳುಕುತ್ತಲೇ ನೆನಪು ಮಾಡಿದ.

"ನಿನ್ನನ್ನ ಒಳಗೆ ಹಾಕಿಕೊಂಡರೆ ಹೊರಗೆ ಯಾರಯ್ಯಾ ನಿಲ್ಲೋದು?" ಎಂದರು ಯಜಮಾನರು ಪ್ರೀತಿಯಿಂದಲೇ. "ಜನ ಬರೋದೇ ನಿನ್ನ ಮುಖ ನೋಡಿ. ನೀನು ಬಾಗಿಲು ಬಿಟ್ಟರೆ ನನ್ನ ಹೋಟೆಲು ಮುಚ್ಚಬೇಕಾಗುತ್ತೆ."

ಯಾವ ಮಾತು ಆಡಿ ಒಳಗಿನ ಕುರ್ಚಿ ಉಳಿಸಿಕೊಳ್ಳಲು ಹೊರಟಿದ್ದನೋ, ಅದೇ ಮಾತು ಅವನನ್ನು ಬಾಗಿಲಿಗೆ ಮೊಳೆ ಹೊಡೆದು ನಿಲ್ಲಿಸಿತ್ತು. ರಜೆಯ ದಿನ ಮೀನು ಮಾರುಕಟ್ಟೆಯ ಹಿಂದೆ ಹಾದು ಹೋಗುವಾಗ ಆ ಸೂಪಿನ ಅಂಗಡಿಯ ಮುಂದೆ ಜನ ಸಾಲು ನಿಂತಿರುವುದನ್ನು ಕಂಡ. ವಯಸ್ಸಾದ ಗಂಡಸು ಬಿಸಿಲಿಗೆ ಕೊಡೆ ಹಿಡಿದು ಸಾಲನ್ನು ಸರಿಮಾಡುತ್ತಾ ನಗುತ್ತಿದ್ದ. ಕಂಚು ಆಮೇಲೆ ಆ ದಾರಿ ಬಿಟ್ಟು ಸುತ್ತುಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡ.

ಅಕ್ಕನ ಊಟದ ಮನೆ ಒಂದೇ ಸಲಕ್ಕೆ ಮುಚ್ಚಲಿಲ್ಲ. ಮೊದಲು ಒಂದು ಟೇಬಲ್ಲನ್ನು ಗೋಡೆಗೆ ಒರಗಿಸಿದಳು, ಆಮೇಲೆ ಇನ್ನೊಂದನ್ನು. ದೊಡ್ಡ ಪಾತ್ರೆಯ ಬದಲು ಸಣ್ಣ ಪಾತ್ರೆಯಲ್ಲಿ ಸಾರು ಕುದಿಯತೊಡಗಿತು. ಕಡೆಗೆ ಆ ಸಣ್ಣ ಪಾತ್ರೆಯೂ ಸಂಜೆಗೆ ಮಿಕ್ಕತೊಡಗಿದಾಗ, ಬಾಡಿಗೆಯ ಕೀಲಿ ಹಿಂತಿರುಗಿಸಿ ಮಗಳ ಊರಿಗೆ ಹೊರಟಳು. ಸಾಮಾನು ಸಾಗಿಸಲು ಕಂಚು ರಜೆ ಹಾಕಿ ಬಂದ. ಕುರ್ಚಿಗಳನ್ನು ಗಾಡಿಗೆ ಏರಿಸುವಾಗ, ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡ. ಅಕ್ಕ ಒಲೆಯ ಮಸಿ ಒರೆಸುತ್ತಾ, "ಇನ್ನು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀಯಾ?" ಎಂದು ಕೇಳಿದಳು. ಚುಚ್ಚುವುದಕ್ಕೆ ಕೇಳಿದಳೋ, ನಿಜವಾಗಿಯೂ ಚಿಂತೆಯಿಂದ ಕೇಳಿದಳೋ ಅವನಿಗೆ ತಿಳಿಯಲಿಲ್ಲ. ಹೆಂಡತಿ ಡಬ್ಬಿ ಕಟ್ಟಿಕೊಡ್ತಾಳೆ ಎಂದ. ಗಾಡಿ ಹೊರಟಿತು.

ವರ್ಷಗಳು ಉರುಳಿದವು. ಬಾಗಿಲಿನ ಕೆಲಸವೂ ಮೊದಲಿನ ಹಾಗೆ ಉಳಿಯಲಿಲ್ಲ. ಈಗ ಬರುವವರೆಲ್ಲ ಎಲ್ಲಿ ಉಣ್ಣಬೇಕೆಂದು ಫೋನಿನಲ್ಲಿ ನೋಡಿಕೊಂಡೇ ಬರುತ್ತಾರೆ. ಕಂಚು ಏನೋ ಹೇಳಲು ಬಾಯಿ ತೆರೆದರೆ ತಲೆಯೆತ್ತದೆ ಕೈ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಎಲ್ಲಿ ಊಟ ಚೆನ್ನಾಗಿದೆ ಎಂದು ಯಾರೂ ಅವನನ್ನು ಕೇಳುವುದಿಲ್ಲ. ಯಾರಾದರೂ ಕೇಳಲಿ ಎಂದು ಅವನು ಕಾಯುತ್ತಿದ್ದದ್ದು ಉಂಟು. ಕೇಳಿದರೂ ತೋರಿಸಲು ಆ ಗಲ್ಲಿಯಲ್ಲಿ ಈಗೇನಿದೆ? ಬಾಡಿಗೆ ಸ್ಕೂಟರುಗಳನ್ನು ನಿಲ್ಲಿಸುವ ಶೆಡ್ಡು.

ಸೀಸನ್ ಮುಗಿದು ಹೋಟೆಲು ಸುಣ್ಣ ಬಣ್ಣಕ್ಕೆ ಬಾಗಿಲು ಹಾಕಿದ ಒಂದು ವಾರ, ಹೆಂಡತಿ ಬೆನ್ನು ಬಿಡದೆ ಹೇಳಿದ್ದಕ್ಕೆ ಅವನು ಬಸ್ಸು ಹತ್ತಿ ಅಕ್ಕನನ್ನು ನೋಡಲು ಹೋದ. ಅಕ್ಕ ಸಣ್ಣಗಾಗಿದ್ದಳು. ಮಗಳ ಮನೆಯಲ್ಲಿ ಕಿಟಕಿಯ ಪಕ್ಕ ಅವಳಿಗೊಂದು ಮಂಚ, ಅದರ ಮೇಲೆ ಮಡಚಿಟ್ಟ ಬಟ್ಟೆ. ಅವಳ ಕೈಯ ಸಾರು ಇನ್ನೊಮ್ಮೆ ಉಣ್ಣಬೇಕು ಎಂದು ದಾರಿಯುದ್ದಕ್ಕೂ ಆಸೆ ಕಟ್ಟಿಕೊಂಡು ಬಂದಿದ್ದ. ಅದನ್ನು ಹೇಳಿಯೂ ಹೇಳಿದ.

"ಇಲ್ಲಿ ಅಡುಗೆಮನೆ ಮಗಳದ್ದು," ಎಂದಳು ಅಕ್ಕ. "ನಾನು ಸೌಟು ಮುಟ್ಟಲ್ಲ. ಮೀನಿನ ವಾಸನೆ ಅಳಿಯನಿಗೆ ಆಗಲ್ಲ. ನಡಿ, ಬಸ್ ಸ್ಟ್ಯಾಂಡ್ ಹತ್ರ ಒಂದು ಹೋಟೆಲಿದೆ, ಅಲ್ಲಿ ಹೋಗೋಣ."

ಹುಟ್ಟಿದಾಗಿನಿಂದ ಅವರಿಬ್ಬರು ಜೊತೆಯಾಗಿ ಹೋಟೆಲಿನಲ್ಲಿ ಕೂತು ಉಂಡಿರಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ಟೇಬಲ್ಲು, ತೇವದ ಬಟ್ಟೆಯಿಂದ ಒರೆಸಿದ ಗುರುತು. ಬಡಿಸುವವನು ಬಂದು ನಿಂತಾಗ ಅಕ್ಕ ಏನು ಕೇಳಬೇಕೆಂದು ತಿಳಿಯದೆ ಕಂಚುವಿನ ಮುಖ ನೋಡಿದಳು. ಇಷ್ಟು ವರ್ಷ ಸಾವಿರಾರು ಜನಕ್ಕೆ ಮೆನು ಹಿಡಿದವನು ತನ್ನಕ್ಕನಿಗೆ ಏನು ಹಿಡಿಸುತ್ತದೆಂದು ತನಗೇ ಗೊತ್ತಿಲ್ಲವಲ್ಲ ಎಂದು ಪೆಚ್ಚಾದ. ಅವಳು ಉಂಡದ್ದನ್ನು ಅವನು ನೋಡಿಯೇ ಇರಲಿಲ್ಲ. ಯಾವಾಗಲೂ ಬಡಿಸುತ್ತಲೇ ಇದ್ದವಳು. ಇಬ್ಬರಿಗೂ ಅನ್ನ, ತರಕಾರಿ ಸಾರು ಹೇಳಿದ.

ಅಕ್ಕ ನಿಧಾನವಾಗಿ ಉಣ್ಣುತ್ತಿದ್ದಳು. ಹಲ್ಲು ಕೆಲವು ಹೋಗಿದ್ದವು. ಕಂಚು ತಟ್ಟೆಯ ಅಂಚನ್ನು ನೋಡುತ್ತಾ ಮಾತು ತೆಗೆದ.

"ಅಕ್ಕ, ಅವತ್ತು ಪೇಪರಿನಲ್ಲಿ..."

"ಗೊತ್ತು."

"ಬೇಕಂತ ಹೇಳಿದ್ದಲ್ಲ. ಬಾಯಿಗೆ ಬಂದುಬಿಡ್ತು."

"ಅದೂ ಗೊತ್ತು. ಕರೆಯೋದು ನಿನ್ನ ಕೆಲಸ, ಕರೆಯೋರ ಬಾಯಲ್ಲಿ ಅದೇ ಬರುತ್ತೆ. ಅದಕ್ಕೆ ನಾನೇನೂ ಅಂದುಕೊಳ್ಳಲಿಲ್ಲ." ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು. "ಮಾರನೇ ದಿನ ಬಂದು ಒಂದು ಮಾತು ಹೇಳ್ತೀಯ ಅಂತ ಕಾದೆ. ಅದರ ಮಾರನೇ ದಿನಾನೂ ಕಾದೆ. ನೀನು ಬರ್ತಿದ್ದೆ, ಉಣ್ತಿದ್ದೆ, ಕೈ ತೊಳೆದು ಹೋಗ್ತಿದ್ದೆ. ಗಿರಾಕಿ ಹಂಗೆ. ಅದೊಂದು ಸಹಿಸೋಕೆ ಆಗಲಿಲ್ಲ ನೋಡು."

ಊರಿಗೆಲ್ಲ ಕೇಳುತ್ತಿದ್ದ ಕಂಚುವಿನ ಕಂಠ ಒಂದು ಟೇಬಲ್ಲಿನ ಆಚೆಗೆ ಮುಟ್ಟದಷ್ಟು ಸಣ್ಣಗಾಗಿತ್ತು. "ತಪ್ಪಾಯ್ತು ಅಕ್ಕ," ಎಂದ. ಅವಳಿಗೆ ಕೇಳಿಸಿತೋ ಇಲ್ಲವೋ. ಪಕ್ಕದ ಟೇಬಲ್ಲಿನಲ್ಲಿ ಯಾರೋ ತಟ್ಟೆ ಬೀಳಿಸಿದರು.

"ಅನ್ನ ಆರಿಹೋಗ್ತಿದೆ, ಉಣ್ಣು," ಎಂದಳು ಅಕ್ಕ. "ಸಾರಿಗೆ ಉಪ್ಪು ಕಮ್ಮಿ. ಆದರೂ ಪರವಾಗಿಲ್ಲ."

ಅವಳನ್ನು ಮನೆ ಬಾಗಿಲಿಗೆ ಬಿಟ್ಟು ಅವನು ಸಂಜೆಯ ಬಸ್ಸು ಹಿಡಿದ. ಆಮೇಲೆ ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಹೋಗಿ ಬರುತ್ತಾನೆ. ಅದೇ ಹೋಟೆಲಿಗೆ ಹೋಗುತ್ತಾರೆ. ಆ ಮಾತು ಮತ್ತೆ ಅವರ ನಡುವೆ ಬಂದಿಲ್ಲ. ಅಕ್ಕ ಮಗಳ ಬಗ್ಗೆ, ಅಳಿಯನ ಬಗ್ಗೆ, ಮಂಡಿನೋವಿನ ಬಗ್ಗೆ ಹೇಳುತ್ತಾಳೆ. ಅವನು ಮೊದಲು ಅವಳಿಗೆ ಬಡಿಸಲು ಹೇಳುತ್ತಾನೆ, ಅವಳು ಉಂಡು ಮುಗಿಸುವವರೆಗೂ ತಾನು ಕೈ ತೊಳೆಯಲು ಏಳುವುದಿಲ್ಲ.